ಅತ್ತೆಯ ಎನ್ ತೊಂಬತ್ತೈದು

ನಮ್ಮ ಅತ್ತೆಯ ಎದುರಿಗೆ ಸಾಕ್ಷಾತ್ ದೇವರೇ ಬಂದು ನಿಂತಿದ್ದರೂ, ಕೈ ಮುಗಿಯುವ ಮೊದಲು ಅವಳು ಅವನಿಗೊಂದು ನಂಬರ್ ಹಾಕಿಬಿಡುತ್ತಿದ್ದಳು! ಒಂದನೇ ನಂಬರೋ ಮೂರನೇ ನಂಬರೋ, ಅದು ಅವನ ಪುಣ್ಯ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಹುಟ್ಟಿದ್ದು ನಿಡೋಣಿ, ಕೊಟ್ಟದ್ದು ತಿಕೋಟಾಕ್ಕೆ. ಅಲ್ಲಿ ಮಗನ ಶೆಡ್ಡಿನಲ್ಲಿ ಮಣೂಕ ಆರಿಸುವ ಹೆಂಗಸರಿಗೆಲ್ಲ ಅವಳದೇ ಹುಕುಂ. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಅನ್ನುತ್ತೇವೆ. ಉದ್ದನೆಯ ಹಸಿರು ಕಾಳು ಒಂದನೇ ನಂಬರ್, ದುಂಡನೆಯದು ಎರಡು, ಬಣ್ಣಗೆಟ್ಟದ್ದು ಮೂರು. ಬಣ್ಣ ಬರಲೆಂದು ಕಾಳಿಗೆ ಗಂಧಕದ ಹೊಗೆ ಕೊಡುವವರೂ ಇದ್ದಾರೆ, ಅದು ಅವಳ ಕಣ್ಣಿಗೆ ಕೂಡಲೇ ಗೊತ್ತಾಗುತ್ತಿತ್ತು. ವರ್ಷಗಟ್ಟಲೆ ಇದನ್ನೇ ಮಾಡಿ ಮಾಡಿ, ಕಣ್ಣಿಗೆ ಬಿದ್ದ ಮನುಷ್ಯರನ್ನೂ ಆರಿಸುವ ಚಟ ಅವಳಿಗೆ ಹತ್ತಿತ್ತು.

ನನ್ನ ಮದುವೆಯ ಮಾತು ನಡೆದಾಗ ಬಬಲೇಶ್ವರಕ್ಕೆ ಒಬ್ಬ ವರನ ಮನೆ ನೋಡಲು ಹೋಗಿದ್ದೆವು. ವರ ಮುಖಕ್ಕೆ ದಂಡಿಯಾಗಿ ಪೌಡರ್ ಬಳಿದುಕೊಂಡು ಬಂದು ಕೂತ. ಅತ್ತೆ ಚಹಾ ಹೀರುತ್ತ, ಅವನ ತಾಯಿಯ ಮುಂದೆಯೇ ಅಂದಳು: "ಹುಡುಗ ಎರಡನೇ ನಂಬರ್ ಅದಾನ್ರಿ. ಬಣ್ಣ ಐತಿ, ಖರೆ. ಆದ್ರ ಗಂಧಕದ ಹೊಗಿ ಕೊಟ್ಟು ತರಿಸಿದ್ದು!"

ಮುಂದೆ ಏನಾಯಿತು ಅಂತ ಹೇಳಬೇಕೇ? ಚಹಾ ಪೂರ್ತಿ ಕುಡಿಯದೆ ಎದ್ದುಬಂದೆವು.

ಇಂಥ ಅತ್ತೆ ವಿಜಯಪುರದ ನಮ್ಮ ಮನೆಗೆ ವರ್ಷವರ್ಷ ಕಳಿಸುತ್ತಿದ್ದ ಡಬ್ಬಿ ಹೇಗಿರುತ್ತಿತ್ತು ಗೊತ್ತೇ? ಕಡ್ಡಿ, ಧೂಳು, ದುಂಡು, ಕರಿ, ಎಲ್ಲ ಕಲಸುಮೇಲೋಗರ! ಒಮ್ಮೆ ಅವ್ವ ಮುನಿಸಿಕೊಂಡು ಕೇಳಿಯೇಬಿಟ್ಟಳು: "ಮಂದಿಗೆ ಒಂದನೇ ನಂಬರ್, ನಮಗ ಕಸ ಏನ್ರಿ ಅಕ್ಕಾ?" ಅತ್ತೆ ಬರೀ ನಕ್ಕಳು.

ನನ್ನ ಕೆಲಸ ವಿಜಯಪುರದ ಒಂದು ಖಾಸಗಿ ಆಸ್ಪತ್ರೆಯ ಬಿಲ್ಲಿಂಗ್ ವಿಭಾಗದಲ್ಲಿ. ಡಾಕ್ಟರು ಬರೆದ ಪ್ರತಿ ರೋಗಕ್ಕೂ ಪ್ರತಿ ಚಿಕಿತ್ಸೆಗೂ ಗೊತ್ತುಮಾಡಿದ ಕೋಡ್ ಇರುತ್ತದೆ. ಅದನ್ನು ಹಾಕಿ ವಿಮಾ ಕಂಪನಿಗೆ ಕಳಿಸಬೇಕು. ಇದನ್ನು ವಿವರಿಸಿದಾಗ ಅತ್ತೆ ಖುಷಿಯಿಂದ ತೊಡೆ ತಟ್ಟಿಕೊಂಡಳು.

"ಅಂದ್ರ ನೀ ರೋಗ ಆರಸ್ತಿ! ಥೇಟ್ ನನ್ನ ಕೆಲಸ. ಎಷ್ಟ ನಂಬರ್ ಅದಾವ?"

"ಸಾವಿರಾರು ಅದಾವ ಅತ್ತಿ."

"ಸಾವಿರಾರು? ಹಂಗಾರ ನಿಮಗ ಆರಸಾಕ ಬರಂಗಿಲ್ಲ ಬಿಡು!"

ಒಂದು ಮಧ್ಯಾಹ್ನ ಅವಳ ಫೋನ್ ಬಂತು. ಮುಟ್ಟು ನಿಂತು ಎಷ್ಟೋ ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಅಷ್ಟನ್ನು ಹೇಳಲು ಅವಳು ಮೋಡ, ಬಿಸಿಲು, ಸೊಸೆಯ ಕೈರುಚಿ ಎಲ್ಲವನ್ನೂ ಸುತ್ತಿ ಬಂದಳು! ಮರುದಿನವೇ ಕರೆಸಿಕೊಂಡೆ. ಡಾಕ್ಟರಮ್ಮ ನೋಡಿ, ಗರ್ಭಕೋಶದ ಒಳಗಿನಿಂದ ಚೂರು ಕೆರೆದು ತೆಗೆದು ಪರೀಕ್ಷೆಗೆ ಕಳಿಸಬೇಕು, ಸಣ್ಣ ಕೆಲಸ, ಸಂಜೆಗೆ ಮನೆಗೆ ಹೋಗಬಹುದು ಎಂದರು. ಅತ್ತೆಯ ಚಿಂತೆ ಅದಲ್ಲವೇ ಅಲ್ಲ.

"ತಿಕೋಟಾದಾಗ ಯಾರಿಗೂ ಗೊತ್ತಾಗಬಾರದು ನೋಡು. ಫೈಲಿನ್ಯಾಗ ಹೊಟ್ಟಿನೋವು ಅಂತ ಬರಿ."

"ಹಂಗ ಸುಳ್ಳ ಬರಿಯಾಕ ಬರಂಗಿಲ್ಲ ಅತ್ತಿ. ನಿನ್ನ ರೋಗಕ್ಕ ಕೋಡ್ ಐತಿ, ಎನ್ ತೊಂಬತ್ತೈದು ಪಾಯಿಂಟ್ ಸೊನ್ನಿ. ಅದನ್ನ ಹಾಕ್ತೀನಿ."

"ಅದನ್ನ ಓದಿದ್ರ ಮಂದಿಗೆ ಏನರ ತಿಳೀತೈತೇನು?"

"ಏನೂ ತಿಳಿಯಂಗಿಲ್ಲ."

"ಶಾಣ್ಯಾಕಿ ಅದೀ ನೋಡು!"

ಇನ್ನೊಂದು ತೊಡಕಿತ್ತು. ವಿಮೆ ಮಾಡಿಸಿದ್ದು ಮಗ. ಹೊಟ್ಟೆಯ ಪರೀಕ್ಷೆ ಎಂದಷ್ಟೇ ಅವನಿಗೆ ಹೇಳಿದ್ದಳು, ಆದರೆ ಆಸ್ಪತ್ರೆಯ ಮೆಸೇಜುಗಳೆಲ್ಲ ಹೋಗುವುದು ಅವನ ಫೋನಿಗೆ. ಅವನೋ, ಬಂದ ಮೆಸೇಜನ್ನೆಲ್ಲ ಶೆಡ್ಡಿನ ನಡುವೆ ನಿಂತು ಗಟ್ಟಿಯಾಗಿ ಓದುವ ಪುಣ್ಯಾತ್ಮ! ಅದಕ್ಕೇ ಅವನ ನಂಬರ್ ತೆಗೆಸಿ ನನ್ನದನ್ನು ಕೊಟ್ಟೆ. "ರಿಪೋರ್ಟ್ ಬಂದ ಕೂಡಲೇ ನಾನ ಡಾಕ್ಟರಿಗೆ ತೋರಿಸಿ ಹೇಳ್ತೀನಿ, ನೀ ಅಡ್ಡಾಡಬ್ಯಾಡ" ಅಂತ ಅತ್ತೆಗೆ ಮಾತೂ ಕೊಟ್ಟೆ.

ಪರೀಕ್ಷೆಗೆ ಚೂರು ತೆಗೆಸಿಕೊಂಡು ಅತ್ತೆ ಸಂಜೆಯೇ ತಿಕೋಟಾಕ್ಕೆ ಮರಳಿದಳು. ಶೆಡ್ಡಿನ ಹೆಂಗಸರು ಬಿಡುತ್ತಾರೆಯೇ? "ಏನಾಗಿತ್ರಿ ಅಕ್ಕಾರ?" ಅಂದರಂತೆ. ಅತ್ತೆ ಗಂಭೀರವಾಗಿ, "ಎನ್ ತೊಂಬತ್ತೈದು!" ಅಂದಳಂತೆ. ಒಬ್ಬಾಕೆ ಅದು ದ್ರಾಕ್ಷಿಗೆ ಹೊಡೆಯುವ ಯಾವುದೋ ಹೊಸ ಔಷಧಿ ಎಂದುಕೊಂಡು, "ನಾವೂ ಹೋದ ವರ್ಷ ಹೊಡದೇವ್ರಿ, ಏನೂ ಉಪಯೋಗ ಆಗಲಿಲ್ಲ" ಅಂದಳಂತೆ! ಇದನ್ನು ಫೋನಿನಲ್ಲಿ ಹೇಳಿ ಹೇಳಿ ಅತ್ತೆ ಬಿದ್ದುಬಿದ್ದು ನಕ್ಕಳು. ನಾನೂ ನಕ್ಕೆ. ರಿಪೋರ್ಟ್ ಏನಾಯಿತು ಅಂತ ಅವಳು ಕೇಳಲಿಲ್ಲ. ಯಾಕೆ ಕೇಳುತ್ತಾಳೆ? ನಾನೇ ಹೇಳುತ್ತೇನೆ ಅಂದಿದ್ದೆನಲ್ಲ!

ಅತ್ತೆಯ ಹುಚ್ಚಾಟ ಸಾಕು, ಇನ್ನು ನನ್ನದನ್ನು ಕೇಳಿ. ನಮ್ಮ ವಿಭಾಗದಲ್ಲಿ ಕ್ಲೇಮ್ ಮಂಜೂರಾದ ಫೈಲಿಗೆ ದಾರ ಕಟ್ಟಿ ಕಪಾಟಿಗೆ ಹಾಕುತ್ತೇವೆ, 'ಮುಗೀತು' ಅನ್ನುತ್ತೇವೆ. ಅತ್ತೆಯದು ನಾಲ್ಕೇ ದಿನದಲ್ಲಿ ಮಂಜೂರಾಯಿತು. ನನ್ನ ಕೋಡಿಂಗ್ ಅಷ್ಟು ಚೊಕ್ಕ! ಹೆಮ್ಮೆಯಿಂದ ದಾರ ಕಟ್ಟಿದೆ. ಅದರ ಜೊತೆಗೆ ನನ್ನ ತಲೆಯಲ್ಲಿ ಅತ್ತೆಯ ರೋಗವೂ ಮುಗಿಯಿತು. ರಿಪೋರ್ಟ್ ಸಿದ್ಧವಿದೆ ಎಂಬ ಲ್ಯಾಬಿನ ಮೆಸೇಜ್ ಬಂದದ್ದು ಅದಾದ ಮೇಲೆ. ದಿನಕ್ಕೆ ಹತ್ತಾರು ಮೆಸೇಜು ಆಸ್ಪತ್ರೆಯಿಂದಲೇ ಬರುವ ಫೋನಿನಲ್ಲಿ ನಾನು ಅದನ್ನು ತೆರೆದೇ ನೋಡಲಿಲ್ಲ.

ಮೂರು ತಿಂಗಳ ಮೇಲೆ ಅತ್ತೆ ತಿಕೋಟಾ ಬಸ್ಸಿನಿಂದ ಇಳಿದು ನೆಟ್ಟಗೆ ನನ್ನ ಟೇಬಲ್ಲಿಗೆ ಬಂದಳು. "ನಿನ್ನ ತೊಂಬತ್ತೈದು ಮತ್ತ ಬಂದೈತಿ ಬೇ," ಎಂದು ನಕ್ಕಳು. ನೋಡದೇ ಬಿಟ್ಟ ರಿಪೋರ್ಟ್ ನನಗೆ ಆಗ ನೆನಪಾಯಿತು. ಲ್ಯಾಬಿಗೆ ಓಡಿ ಲಕೋಟೆ ತಂದೆ. ಕ್ಯಾನ್ಸರ್. ಮತ್ತೆ ಪರೀಕ್ಷೆಗಳಾದವು. ಮೊದಲೇ ಬಂದಿದ್ದರೆ ಗರ್ಭಕೋಶ ತೆಗೆದು ಉಳಿಸಿಕೊಳ್ಳುವ ಭರವಸೆ ಹೆಚ್ಚಿತ್ತು, ಈಗ ಹೊರಗೂ ಹರಡಿದೆ ಎಂದರು ಡಾಕ್ಟರಮ್ಮ. ಹೊಸ ಫೈಲಿಗೆ ಎನ್ ಬದಲು ಕ್ಯಾನ್ಸರಿನ ಸಿ ಅಕ್ಷರದ ಕೋಡ್ ಹಾಕಿದವಳೂ ನಾನೇ.

ಆಪರೇಶನ್ ಆದ ಮೇಲೆ ಮಗ ಮಂಚದ ಪಕ್ಕ ನಿಂತು ಕೂಗಾಡಿದ. "ರಿಪೋರ್ಟ್ ಮೂರು ತಿಂಗಳ ಇಲ್ಲೇ ಬಿದ್ದಿತ್ತಂತಲ್ಲ! ಯಾರೂ ಹೇಳಲಿಲ್ಲೇನು?"

ನಾನು ಬಾಯಿ ತೆರೆದೆ. ಅತ್ತೆ ನನಗಿಂತ ಮೊದಲೇ ಅಂದಳು: "ಅಕಿ ಹತ್ತ ಸಲ ಫೋನ್ ಮಾಡಿದ್ಲೋ ಯಪ್ಪಾ. ನಾನ ನಾಚಕೊಂಡು ಬರಲಿಲ್ಲ. ಅಕಿಗೆ ಏನೂ ಅನಬ್ಯಾಡ."

ಅವನು ಹೊರಗೆ ಹೋದ ಮೇಲೆ ನಾನು ಮಂಚದ ಅಂಚಿಗೆ ತಲೆ ಇಟ್ಟು ಅತ್ತುಬಿಟ್ಟೆ.

"ಅತ್ತಿ, ಖರೆ ಹೇಳು. ನಾ ಎಷ್ಟನೇ ನಂಬರ್? ಚೆಲ್ಲೋ ಕಸ ಅಲ್ಲೇನು?"

ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. "ಹುಚ್ಚಿ! ಪ್ಯಾಟಿಗೆ ಕಳಸೋದನ್ನ ಆರಸ್ತಾರ. ಮನಿ ಡಬ್ಬಿದು ಯಾರರ ಆರಸ್ತಾರೇನ ಬೇ?"

ಮುಂದಿನ ದ್ರಾಕ್ಷಿ ಸುಗ್ಗಿಗೆ ಅತ್ತೆ ಇರಲಿಲ್ಲ. ಅವಳ ಮಗನಿಗೆ ನಾನು ಇನ್ನೂ ನಿಜ ಹೇಳಿಲ್ಲ. ಇಲ್ಲಿ ಬರೆದಿದ್ದೇನೆ, ಓದಲಿ, ಶೆಡ್ಡಿನ ನಡುವೆ ನಿಂತು ಗಟ್ಟಿಯಾಗಿಯೇ ಓದಲಿ. ಈ ವರ್ಷವೂ ತಿಕೋಟಾದಿಂದ ಡಬ್ಬಿ ಬಂತು, ಅವಳ ಸೊಸೆ ಕಳಿಸಿದ್ದು. ಒಂದೇ ಅಳತೆ, ಒಂದೇ ಬಣ್ಣ, ಅಪ್ಪಟ ಒಂದನೇ ನಂಬರ್. ತಳದವರೆಗೂ ಕೈ ಹಾಕಿ ಹುಡುಕಿದೆ. ಒಂದೇ ಒಂದು ಕಡ್ಡಿಯೂ ಸಿಗಲಿಲ್ಲ.