ಈರುಳ್ಳಿ ಹೊಲಕ್ಕಿಳಿದ ವಿಮಾನದ ಮಹಜರು

ಮಹಜರು ಬರೆಯುವುದರಲ್ಲಿ ನನ್ನನ್ನು ಮೀರಿಸುವ ಗ್ರಾಮ ಆಡಳಿತಾಧಿಕಾರಿ ಈ ಜಿಲ್ಲೆಯಲ್ಲೇ ಇಲ್ಲ. ಈ ಮಾತನ್ನು ಬೇರೆ ಯಾರೂ ಹೇಳದಿರುವುದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಚನ್ನಗಿರಿಯಲ್ಲಿದ್ದಾಗ ಗಾಳಿಗೆ ಮುರಿದ ಅಡಿಕೆ ಮರ, ಹೊನ್ನಾಳಿಯಲ್ಲಿ ಹೊಳೆ ನುಗ್ಗಿದ ಗದ್ದೆ, ನ್ಯಾಮತಿಯಲ್ಲಿ ಹಂದಿ ಹೊಕ್ಕ ಮೆಕ್ಕೆಜೋಳ, ಎಲ್ಲಕ್ಕೂ ಕಣ್ಣುಮುಚ್ಚಿ ಮಹಜರು ಬರೆದಿದ್ದೇನೆ. ಕೆಲವು ಸಲ ನಿಜವಾಗಿಯೂ ಕಣ್ಣುಮುಚ್ಚಿಯೇ. ನಾಲ್ಕು ದಿಕ್ಕಿನ ಚಕ್ಕುಬಂದಿ ಬರೆದು, ಐದು ಜನ ಪಂಚರನ್ನು ಹಿಡಿದು ತಂದು, ಕೊನೆಗೆ ‘ಓದಿ ಹೇಳಲಾಗಿ ಕೇಳಿ ಸರಿಯೆಂದು ಒಪ್ಪಿ ಸಹಿ ಮಾಡಿರುತ್ತಾರೆ’ ಎಂದು ಸೇರಿಸಿದರೆ ಮುಗಿಯಿತು. ಓದಿ ಹೇಳುವುದನ್ನು ಮಾತ್ರ ನಾನು ಎಂದೂ ಮಾಡಿದವನಲ್ಲ. ಪಂಚರಿಗೂ ಮನೆಯಲ್ಲಿ ಕೆಲಸವಿರುತ್ತದೆ.

ಜಗಳೂರು ತಾಲ್ಲೂಕಿಗೆ ವರ್ಗವಾದಾಗ, ಇಲ್ಲಿ ಮಳೆಯೇ ಅಪರೂಪ, ಹೊಳೆಯ ಮಾತೇ ಇಲ್ಲ, ಆರಾಮಾಗಿರಬಹುದು ಎಂದುಕೊಂಡಿದ್ದೆ. ಆಕಾಶದಿಂದ ವಿಮಾನ ಬರಬಹುದೆಂದು ನನಗೆ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬಿಳಿಚೋಡಿನ ಹತ್ತಿರ ಹನುಮಕ್ಕನ ಈರುಳ್ಳಿ ಹೊಲಕ್ಕೆ ಎರಡು ಸೀಟಿನ ಖಾಸಗಿ ವಿಮಾನವೊಂದು ಧೊಪ್ಪನೆ ಇಳಿದು, ಒಂದು ಗಾಲಿ ಕಳಚಿಕೊಂಡು, ಮೂತಿ ಊರಿ ನಿಂತಿತು. ಅದನ್ನು ಓಡಿಸುತ್ತಿದ್ದ ವಿಮಾನದ ಯಜಮಾನರಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಆದದ್ದೆಲ್ಲ ಈರುಳ್ಳಿಗೆ. ಇನ್ನು ಹದಿನೈದು ದಿನಕ್ಕೆ ಕೀಳಬೇಕಾದ ಬೆಳೆ. ಹನುಮಕ್ಕನಿಗೆ ವರ್ಷಕ್ಕೆ ಅದೊಂದೇ ಬೆಳೆ.

‘ತಕ್ಷಣ ಮಹಜರು ಮಾಡ್ರಿ’ ಎಂದು ತಹಶೀಲ್ದಾರರ ಫೋನು ಬಂತು. ನಾನು ಹೋಗುವಷ್ಟರಲ್ಲಿ ಅರ್ಧ ಊರು ಹೊಲದೊಳಗಿತ್ತು. ರೆಕ್ಕೆಯ ನೆರಳಲ್ಲಿ ಒಬ್ಬ ಮಂಡಕ್ಕಿ ಮಿರ್ಚಿ ಮಾರುತ್ತಿದ್ದ. ಮೂತಿಯ ಫ್ಯಾನಿಗೆ ಆಗಲೇ ಅರಿಸಿನ ಕುಂಕುಮ ಬಿದ್ದಿತ್ತು. ನಾನು ಬದುವಿನ ಮೇಲೆ ನಡೆದು ಹೋಗಬಹುದಿತ್ತು. ಆದರೆ ವಿಮಾನದ ಹತ್ತಿರಕ್ಕೆ ಸರ್ಕಾರಿ ಅಧಿಕಾರಿ ನಡೆದುಕೊಂಡು ಹೋದರೆ ಏನು ಚೆಂದ? ಬೈಕನ್ನು ಸೀದಾ ಹೊಲದೊಳಗೆ ಬಿಟ್ಟೆ. ಹಿಂದಿನ ದಿನ ನೀರು ಹಾಯಿಸಿದ್ದ ಹಸಿ ಮಣ್ಣಿನಲ್ಲಿ ಗಾಲಿ ಅತ್ತಿತ್ತ ಜಾರಿ, ವಿಮಾನದ ಪಕ್ಕದಲ್ಲೇ ನಾನೂ ಕೊಂಚ ಜೋರಾಗಿಯೇ ನೆಲ ಮುಟ್ಟಿದೆ. ಜನಕ್ಕೆ ಇನ್ನೊಂದು ನೋಟ ಸಿಕ್ಕಿತು.

‘ಇದು ಅಪಘಾತ ಅಲ್ಲ ಸರ್, ಹಾರ್ಡ್ ಲ್ಯಾಂಡಿಂಗ್ ಅಷ್ಟೇ. ವಿಮಾನ ಬಿದ್ದಿಲ್ಲ, ಸ್ವಲ್ಪ ಗಟ್ಟಿಯಾಗಿ ಇಳಿದಿದೆ’ ಎಂದರು ವಿಮಾನದ ಯಜಮಾನರು. ಪಂಚರಲ್ಲಿ ಹಿರಿಯನಾದ ತಿಪ್ಪಣ್ಣ ಬಿಡಲಿಲ್ಲ. ‘ಇಳಿದಿದ್ರೆ ಗಾಲಿ ಯಾಕ್ರೀ ಅತ್ಲಾಗೆ ಬಿದ್ದೈತೆ? ನಾವೂ ದಿನಾ ಬಸ್ ಇಳೀತೀವಿ, ಕಾಲು ನಮ್ ಜೊತೆಗೇ ಬರ್ತಾವೆ.’ ಇಬ್ಬರ ಮಾನವೂ ಉಳಿಯಲೆಂದು ‘ಬಿದ್ದಂತೆ ಇಳಿದಿರುತ್ತದೆ’ ಎಂದು ಬರೆದೆ. ಇಪ್ಪತ್ತು ವರ್ಷದ ಅನುಭವ ಸುಮ್ಮನೆ ಅಲ್ಲ.

ಯಜಮಾನರು ಒಳ್ಳೆಯವರು. ‘ನನ್ನ ವಿಮಾನದಿಂದ ಏನೇನು ಹಾಳಾಗಿದೆಯೋ ಬರೆಯಿರಿ, ತುಂಬಿಕೊಡುತ್ತೇನೆ’ ಎಂದರು. ನೋಡಿದರೆ ವಿಮಾನ ಕೆಡಿಸಿದ್ದು ಆರೇ ಸಾಲು. ಉಳಿದ ಅರ್ಧ ಎಕರೆ, ನೋಡಲು ಬಂದವರ ಕಾಲಿಗೆ ಹೋಗಿತ್ತು. ನಾನು ಧಾರಾಳಿಯಾಗಿ ಎಲ್ಲವನ್ನೂ ವಿಮಾನದ ಹೆಸರಿಗೇ ಬರೆದೆ. ಹನುಮಕ್ಕನಿಗೆ ಪರಿಹಾರ, ಊರಿಗೆ ನೆಮ್ಮದಿ, ನನ್ನ ಬೈಕಿನ ಗುರುತು ಮಂಗಮಾಯ. ಒಂದೇ ಪೆನ್ನಿನಲ್ಲಿ ಮೂರು ಪುಣ್ಯ ಎಂದು ಬೀಗುತ್ತಾ ಸಹಿಗೆ ಕಾಗದ ಚಾಚಿದೆ.

‘ಓದಿ ಹೇಳ್ರಿ ಸಾಹೇಬ್ರೇ’ ಎಂದಳು ಹನುಮಕ್ಕ.

‘ಎಲ್ಲಾ ನಿಮ್ಮ ಪರವಾಗೇ ಇದೆ, ಹನುಮಕ್ಕ.’

‘ಇರ್ಲಿ. ನನ್ ಹೊಲದ್ದು ನಾನ್ ಕೇಳ್ಬೇಕಲ್ಲ.’

ಓದಿದೆ. ಅವಳು ತಲೆಯಾಡಿಸಿದಳು. ‘ಇಷ್ಟೆಲ್ಲ ವಿಮಾನ ಮಾಡಿಲ್ರೀ. ಆರು ಸಾಲು ಆ ಯಪ್ಪಂದು. ಅದರಾಚೆ ತುಳಿದೋರು ಇಲ್ಲೇ ನಿಂತಾರೆ. ನಡುವೆ ಹಾವಿನಂಗೆ ಹೋಗಿರಾದು ನಿಮ್ ಬೈಕು. ಅದನ್ನೂ ಬರ್ಕಳ್ರಿ. ಸುಳ್ಳು ಬರೆದ್ರೆ ನನ್ ಈರುಳ್ಳಿ ಎದ್ದು ಕೂರ್ತಾವಾ? ತುಳಿದಿದ್ದು ಕೊಳೆಯಾಕೆ ಮುಂಚೆ ಕೀಳ್ಬೇಕು, ನಾನೊಬ್ಬಳೇ ಹೆಂಗೆ ಕೀಳ್ಲಿ? ತುಳಿದೋರೆಲ್ಲ ಬಂದು ಕಿತ್ತು ಕೊಡ್ರಿ.’

ಊರೆಲ್ಲ ನೆಲ ನೋಡಿತು. ನಾನೂ ನೋಡಿದೆ. ನಾಚಿಕೆಯಾಯಿತು ಎನ್ನಲು ನನಗೆ ನಾಚಿಕೆಯಿಲ್ಲ. ಹೊಸ ಹಾಳೆ ತೆಗೆದು, ‘ಸದರಿ ಬೆಳೆಯ ನಡುವೆ ಸದರಿ ಮಹಜರು ಬರೆದವರೇ ಬೈಕು ಚಲಾಯಿಸಿ ಬಿದ್ದಂತೆ ಇಳಿದಿರುತ್ತಾರೆ’ ಎಂದು ಸ್ವಂತ ಕೈಯಿಂದ ಬರೆದು, ಗಟ್ಟಿಯಾಗಿ ಓದಿದೆ. ಯಾವತ್ತೂ ಒಂದು ಮಾತಿಗೆ ಬರದ ಐದು ಪಂಚರೂ ಅದಕ್ಕೆ ಏಕಕಂಠದಿಂದ ಒಪ್ಪಿ, ನನ್ನ ಪೆನ್ನನ್ನು ಕಿತ್ತುಕೊಂಡು ಸಹಿ ಹಾಕಿದರು.

ಮರುದಿನ ಊರೇ ಹೊಲಕ್ಕೆ ಬಂತು. ನಾನು ರಜೆ ಹಾಕಿ ಬಂದೆ, ಯಜಮಾನರು ಮೊಣಕೈಗೆ ಪಟ್ಟಿ ಕಟ್ಟಿಕೊಂಡು ಬಂದರು. ಬೈಕಿನ ಗಾಲಿಗೆ ಸಿಕ್ಕ ಈರುಳ್ಳಿಯನ್ನೆಲ್ಲ ನಾನೇ ಕೊಂಡು ಮನೆಗೆ ತಂದೆ. ಮಹಜರಿನ ಆ ಸಾಲನ್ನು ತಿಪ್ಪಣ್ಣ ನನ್ನ ಹೆಂಡತಿಗೆ ಫೋನು ಮಾಡಿ ಓದಿ ಹೇಳಿದ್ದಾನೆ. ಅಂದಿನಿಂದ ಅವಳು ಈರುಳ್ಳಿ ಹೆಚ್ಚುವಾಗಲೆಲ್ಲ ಬಿದ್ದು ಬಿದ್ದು ನಗುತ್ತಾಳೆ. ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುವವನು ನಾನು.