ಚಿಕ್ಕಪ್ಪನ ಯೂತ್ ಮೀಟಿಂಗ್

ಆಕಳಿಕೆಯಲ್ಲಿ ದೇವರ ಕೃಪೆಯನ್ನು ಕಂಡ ಮನುಷ್ಯರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡಿದ್ದಷ್ಟೇ ಅಲ್ಲ, ಆರು ವರ್ಷ ಅವರ ಹಿಂದೆ ಹಾರ್ಮೋನಿಯಂ ಹೊತ್ತು ತಿರುಗಿದ್ದೇನೆ! ಅವರು ನನ್ನ ಚಿಕ್ಕಪ್ಪ.

ವಾರವೆಲ್ಲ ಅವರು ತಮಿಳುನಾಡಿನ ಪಾಪಿರೆಡ್ಡಿಪಟ್ಟಿಯ ಪಶು ಆಸ್ಪತ್ರೆಯಲ್ಲಿ ಕಂಪೌಂಡರ್. ಭಾನುವಾರ ಮಧ್ಯಾಹ್ನ ಮೂರಕ್ಕೆ ಚರ್ಚಿನ ಹಿಂದಿನ ಶೀಟಿನ ಹಾಲ್‌ನಲ್ಲಿ ಯೂತ್ ಮೀಟಿಂಗ್ ನಡೆಸುವವರು. ಹಾಜರಿ ಪಟ್ಟಿಯಲ್ಲಿ ಹದಿನಾಲ್ಕು ಹೆಸರು. ಬರುತ್ತಿದ್ದವರು ಆರು ಜನ. ಬಂದವರ ಮನಸ್ಸು ಎಲ್ಲಿರುತ್ತಿತ್ತು ಎಂದು ಕೇಳಬೇಡಿ! ಊರಿಗೆ ಆಗತಾನೇ ಕೇಬಲ್ ಟಿವಿ ಬಂದಿತ್ತು. ಕ್ರಿಕೆಟ್ ಬಿಟ್ಟು, ಸಿನಿಮಾ ಬಿಟ್ಟು, ಕಾದ ಶೀಟಿನ ಕೆಳಗೆ ಕೂತು ಚಿಕ್ಕಪ್ಪನ ಪ್ರಸಂಗ ಕೇಳಲು ಯಾವ ಹರೆಯದವರು ಬರುತ್ತಾರೆ? ಬಂದ ಆರು ಜನವೂ ಕೊನೆಗೆ ಕೊಡುವ ಒಗ್ಗರಣೆ ಹಾಕಿದ ಕಡಲೆ ಸುಂಡಲ್‌ಗಾಗಿ ಬರುತ್ತಿದ್ದರೆಂದು ನನ್ನ ಗುಮಾನಿ. ನಾನೋ, ತಾಲೂಕು ಆಫೀಸಿನಲ್ಲಿ ಟೈಪಿಸ್ಟ್. ಆರು ದಿನ ಟೈಪ್ ಮಾಡಿ ಬೆರಳು ಜಡ್ಡುಗಟ್ಟಿರುತ್ತಿತ್ತು. ಏಳನೆಯ ದಿನ ದೇವರೇ ವಿಶ್ರಾಂತಿ ಪಡೆದನಂತೆ. ನನಗೆ ಮಾತ್ರ ಹಾರ್ಮೋನಿಯಂ!

ದಾನಿಯೇಲ್ ಎಂಬ ಹುಡುಗನಿದ್ದ. ಚಿಕ್ಕಪ್ಪ ಬೈಬಲ್ ತೆರೆದರೆ ಅವನು ಬಾಯಿ ತೆರೆಯುತ್ತಿದ್ದ. ಒಂದು ಭಾನುವಾರ ಮೀಟಿಂಗ್ ಮುಗಿಸಿ ಬರುವಾಗ ಚಿಕ್ಕಪ್ಪ ದಾರಿಯಲ್ಲೇ ನಿಂತುಬಿಟ್ಟರು.

"ಕಂಡ್ಯೇನೇ? ದಾನಿಯೇಲು ಇವತ್ತು ಬಾಯಿಗೆ ಕೈ ಅಡ್ಡ ಇಟ್ಕೊಂಡ!"

"ಆಕಳಿಸಿದ್ದು ಆಕಳಿಸಿದ್ದೇ ಅಲ್ವಾ ಚಿಕ್ಕಪ್ಪ?"

"ಓದ ವರ್ಸ ಅವನ ಅಲ್ಲು ಎಣಿಸ್ಬೋದಿತ್ತು. ಈಗ ಮರ್ಯಾದೆ ಬಂದೈತೆ. ಅದು ವಳರ್ಚಿ ಅಲ್ದೆ ಮತ್ತೇನು?"

ವಳರ್ಚಿ ಎಂದರೆ ತಮಿಳಿನಲ್ಲಿ ಬೆಳವಣಿಗೆ. ನಮ್ಮದು ಮನೆಯಲ್ಲಿ ಕನ್ನಡ, ಚರ್ಚಿನಲ್ಲಿ ತಮಿಳು. ಈ ಒಂದು ಪದ ಮಾತ್ರ ಎರಡೂ ಕಡೆ ನನ್ನ ಕಿವಿ ತೂತು ಮಾಡುತ್ತಿತ್ತು.

ಇನ್ನು ಎಸ್ತರ್. ಬಾಗಿಲ ಪಕ್ಕದಲ್ಲೇ, ಯಾವಾಗ ಬೇಕಾದರೂ ಎದ್ದು ಓಡುವವಳ ಹಾಗೆ, ಚಪ್ಪಲಿ ಹಾಕಿಕೊಂಡೇ ಕೂರುತ್ತಿದ್ದಳು. ಮೂರು ವರ್ಷದಲ್ಲಿ ಒಂದು ಮಾತೂ ಆಡಿದವಳಲ್ಲ. ಹೆಸರು ಕೇಳಿದರೂ ಪಕ್ಕದವಳ ಮುಖ ನೋಡುತ್ತಿದ್ದಳು. ಅಂಥವಳು ಒಂದು ದಿನ ಬರಿಗಾಲಲ್ಲಿ ಬಂದು ಕೂತಳು. ಚಿಕ್ಕಪ್ಪನ ಕಣ್ಣು ಅರಳಿತು. ಅವಳಿಗೆ ಎರಡು ಹಿಡಿ ಸುಂಡಲ್! ನನಗೆ ತಡೆಯಲಾಗಲಿಲ್ಲ. ಹೊರಗೆ ಹಿಡಿದು, ಚಪ್ಪಲಿ ಎಲ್ಲೆಂದು ಕೇಳಿದೆ.

"ಕಿತ್ತೋಯ್ತು ಅಕ್ಕಾ," ಎಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು!

ಇನ್ನಾದರೂ ಉತ್ಸಾಹ ಇಳಿಯಲಿ ಎಂದು ಚಿಕ್ಕಪ್ಪನಿಗೆ ವರದಿ ಒಪ್ಪಿಸಿದೆ. ಅವರು ಇನ್ನಷ್ಟು ಹಿಗ್ಗಿದರು.

"ಚಪ್ಪಲಿ ಕಿತ್ತೋದ್ರೂ ಮನೆಗೆ ವಾಪಸ್ ಓಗ್ಲಿಲ್ಲ, ಇಲ್ಲಿಗೇ ಬಂದ್ಲಲ್ಲ ಮಗಾ!"

ಇಂಥವರೊಡನೆ ವಾದ ಮಾಡುವುದುಂಟೇ?

ಆ ವರ್ಷ ಸೇಲಂನಲ್ಲಿ ಸುತ್ತಲಿನ ಚರ್ಚುಗಳ ಕೂಟ ನಡೆಯಿತು. ಪ್ರತಿಯೊಬ್ಬರೂ ಎದ್ದು ತಮ್ಮ ತಮ್ಮ ಊರಿನ ಯುವಜನರ ವರದಿ ಓದಬೇಕು. ಒಬ್ಬರ ಗುಂಪು ಗೀತಸ್ಪರ್ಧೆ ಗೆದ್ದಿತ್ತು, ಇನ್ನೊಬ್ಬರ ಗುಂಪು ಹತ್ತು ಹಳ್ಳಿ ಸುತ್ತಿ ಬಂದಿತ್ತು. ಚಿಕ್ಕಪ್ಪ ಕನ್ನಡಕ ಸರಿಮಾಡಿಕೊಂಡು ಎದ್ದರು. "ಈ ವರ್ಷ ನಮ್ಮಲ್ಲಿ ಇಬ್ಬರು ಜಗಳ ಆಡಿದರು. ಅವರೇ ರಾಜಿಯಾದರು," ಎಂದು ತಮಿಳಿನಲ್ಲಿ ಓದಿ ನಿಲ್ಲಿಸಿದರು.

"ಬೇರೆ ಏನಾದರೂ?" ಎಂದರು ವೇದಿಕೆಯ ಮೇಲಿದ್ದ ಪಾಸ್ಟರ್.

"ಹೋದ ವರ್ಷ ನಾವು ಮಧ್ಯೆ ಬಿದ್ದು ಬಿಡಿಸಬೇಕಾಗಿತ್ತು ಅಯ್ಯಾ."

ಹಾಲ್ ಪೂರ್ತಿ ನಕ್ಕಿತು. ಚಿಕ್ಕಪ್ಪನೂ ಎಲ್ಲರ ಜೊತೆ ನಕ್ಕರು. ನನಗೆ ನಗು ಬರಲಿಲ್ಲ. ವಾಪಸ್ ಬರುವ ಬಸ್ಸಿನಲ್ಲಿ ಹೇಳಿಯೇಬಿಟ್ಟೆ.

"ನಂಗೆ ಸಾಕಾಯ್ತು ಚಿಕ್ಕಪ್ಪ. ಆರು ವರ್ಷದಲ್ಲಿ ಏನು ಆಗೈತೆ ಅಂತ ತೋರಿಸಿ. ಒಂದು ಆಕಳಿಕೆ, ಒಂದು ಕಿತ್ತ ಚಪ್ಪಲಿ!"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಣ್ಣಿಗೆ ಕಾಣಂಗೆ ಯಾವ ಕರುವೂ ಬೆಳೆಯಲ್ಲ ಮಗಾ. ಸುಸ್ತಾಗಿದ್ರೆ ಬಿಟ್ಬಿಡು, ಬೇಜಾರಿಲ್ಲ," ಎಂದರು. ಆ ಮುಖದಲ್ಲಿಯೂ ಸುಸ್ತಿತ್ತು. ಅಷ್ಟು ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ.

ಆಮೇಲಿನ ಭಾನುವಾರ ಮೀಟಿಂಗ್ ನಡೆಯಲಿಲ್ಲ. ಬೆಳಗ್ಗೆ ಚಿಕ್ಕಮ್ಮನಿಗೆ ಹೊಟ್ಟೆನೋವು ಬಂದು, ಟ್ಯಾಕ್ಸಿಯಲ್ಲಿ ಧರ್ಮಪುರಿಯ ದೊಡ್ಡಾಸ್ಪತ್ರೆಗೆ ಸಾಗಿಸಿದೆವು. ಕರುಳು ಹೊರಳಿದೆ, ಆಪರೇಷನ್ ಆಗಬೇಕು, ರಕ್ತ ಬೇಕು, ಈಗಲೇ ಏನೂ ಹೇಳಲಾಗದು ಎಂದರು ಡಾಕ್ಟರು. ಎಂಥೆಂಥ ಹೋರಿಗಳನ್ನು ಕೆಡವಿ ಇಂಜೆಕ್ಷನ್ ಕೊಟ್ಟ ಚಿಕ್ಕಪ್ಪ ವರಾಂಡದ ಬೆಂಚಿನ ಮೇಲೆ ಮುದುಡಿ ಕೂತರು. ನೀರೂ ಮುಟ್ಟಲಿಲ್ಲ.

"ಪ್ರಾರ್ಥನೆ ಮಾಡಾನ ಚಿಕ್ಕಪ್ಪ," ಎಂದೆ.

"ಬಾಯಿಗೆ ಒಂದು ಮಾತೂ ಬರ್ತಿಲ್ಲ ಮಗಾ."

ಮಧ್ಯಾಹ್ನದ ಹೊತ್ತಿಗೆ ಆ ಆರು ಜನ ಬಂದರು. ಚರ್ಚಿನಲ್ಲಿ ಸುದ್ದಿ ತಿಳಿದು, ಮನೆಗೂ ಹೋಗದೆ ಬಸ್ ಹತ್ತಿದ್ದರು. ಬಂದವರು ಗೋಡೆಗೆ ಒರಗಿ ನಿಂತರು. ದಾನಿಯೇಲ್ ನರ್ಸ್ ಹತ್ತಿರ ಏನೋ ಕೇಳಿ, ಅಂಗಿಯ ತೋಳು ಮಡಚುತ್ತಾ ರಕ್ತ ಕೊಡಲು ಒಳಗೆ ಹೋದ.

ಎಸ್ತರ್ ಚಿಕ್ಕಪ್ಪನ ಪಕ್ಕ ಬಂದು ಕೂತಳು. ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದಳು. ತೊಳೆ ಬಿಡಿಸಿ, ನಾರು ತೆಗೆದು, ಅವರ ಅಂಗೈಯಲ್ಲಿ ಇಟ್ಟಳು. ಅವರು ಅದನ್ನೇ ನೋಡುತ್ತಾ ಕೂತರು.

"ಸಾಪ್ಪಿಡುಂಗ ಅಯ್ಯಾ," ಎಂದಳು ಮೆಲ್ಲಗೆ. "ತಿನ್ನಿ. ನಾವೆಲ್ಲ ಇದ್ದೀವಿ."

ಚಿಕ್ಕಪ್ಪ ತಿಂದರು. ಅವಳು ಇನ್ನೊಂದು ತೊಳೆ ಇಟ್ಟಳು, ಅದನ್ನೂ ತಿಂದರು. ಮೂರನೆಯದಕ್ಕೆ ಅವರ ಹೆಗಲು ಅಲುಗತೊಡಗಿತು. ಅವಳು ಗಾಬರಿಯಾಗಲಿಲ್ಲ, ಎದ್ದು ಓಡಲೂ ಇಲ್ಲ. ಅವರು ಅತ್ತು ಮುಗಿಸುವವರೆಗೂ ಉಳಿದ ಹಣ್ಣನ್ನು ಕೈಯಲ್ಲೇ ಹಿಡಿದು ಕಾದಳು.

ಕತ್ತಲಾಗುವ ಮುಂಚೆ ಡಾಕ್ಟರು ಹೊರಗೆ ಬಂದು, ಜೀವಕ್ಕೆ ಭಯವಿಲ್ಲ ಎಂದರು. ಚಿಕ್ಕಪ್ಪ ಬೆಂಚು ಹಿಡಿದು ಎದ್ದರು. ಆ ಆರು ಜನ ಎರಡೂ ಕಡೆಯಿಂದ ಹಿಡಿದುಕೊಂಡು ಅವರನ್ನು ಚಿಕ್ಕಮ್ಮನ ಬಳಿಗೆ ನಡೆಸಿಕೊಂಡು ಹೋದರು. ನಾನು ಹಿಂದೆ ಉಳಿದೆ. ಎಷ್ಟು ಕಣ್ಣೊರೆಸಿಕೊಂಡರೂ ದಾರಿ ಕಾಣುತ್ತಿರಲಿಲ್ಲ.