ಬಾಣದ ಗುರುತಿನ ಮನೆ

ಹೊನ್ನೇಶನನ್ನು ಮಣ್ಣು ಮಾಡಿದ ಹನ್ನೆರಡನೆಯ ದಿನ ಬೆಳಿಗ್ಗೆ, ಮುಂಡರಗಿಯ ಆ ಮನೆಯಲ್ಲಿ ಮೊದಲ ಸಲ ಯಾರೂ ಅಳುತ್ತಿರಲಿಲ್ಲ. ನೆಂಟರು ಹಿಂದಿನ ಸಂಜೆಯ ಬಸ್ಸಿಗೆ ಹೋಗಿದ್ದರು. ಅವನ ಹೆಂಡತಿ ಕಾವೇರಿಗೆ ಬೇಕಾಗಿದ್ದದ್ದು ಇಷ್ಟೇ: ಒಂದು ದಿನ ಯಾರೊಂದಿಗೂ ಮಾತಾಡದೆ ಇರುವುದು.

ತೊಂದರೆಗೆ ಕಾರಣ ಜಾಗದ ಅಭಾವ. ಮಾತಾಡಿಸಲು ಬಂದವರು ಕೂರಲೆಂದು ನೆಂಟರು ಪಡಸಾಲೆಯ ಸಾಮಾನನ್ನೆಲ್ಲ ಹೊರಗೆ ಹಾಕಿದ್ದರು. ಹೋಗುವಾಗ ಎಲ್ಲವನ್ನೂ ಒಳಗಿಟ್ಟರು, ಭಾರವಾದ ಕಬ್ಬಿಣದ ಬೋರ್ಡೊಂದನ್ನು ಬಿಟ್ಟು. ಅದು ರಸ್ತೆಗೆ ಮುಖ ಮಾಡಿ ಗೋಡೆಗೆ ಒರಗಿತ್ತು. ‘ಅಂಬಿಗರ ವೀರಗಲ್ಲುಗಳು’ ಎಂಬ ಮಾಸಿದ ಅಕ್ಷರ, ಕೆಳಗೊಂದು ಬಾಣ. ಬಾಣ ನೇರ ಅವಳ ಬಾಗಿಲನ್ನು ತೋರಿಸುತ್ತಿತ್ತು. ಹನ್ನೆರಡು ದಿನಗಳಿಂದ ಹೊಸ್ತಿಲು ದಾಟದ ಕಾವೇರಿ ಅದನ್ನು ಕಂಡಿರಲಿಲ್ಲ.

ಒಂಬತ್ತಕ್ಕೆ ಬೆಂಗಳೂರಿನ ಲೋಹಿತ, ಸ್ನೇಹಾ ದಂಪತಿ ಕಾರಿನಿಂದ ಇಳಿದರು. ಪಕ್ಕದ ಮನೆಯ ಸಿದ್ದಲಿಂಗವ್ವ, ತಡವಾಗಿ ಸುದ್ದಿ ತಿಳಿದ ಗೆಳೆಯರಿರಬೇಕೆಂದು ಅವರನ್ನು ಕೈಹಿಡಿದು ಚಾಪೆಯ ಮೇಲೆ ಕೂರಿಸಿದಳು.

“ಅತ್ತುಬಿಡ್ರಿ. ಎದಿ ಹಗುರಾಗ್ತೈತಿ.”

ಇದು ಇಲ್ಲಿಯ ಪದ್ಧತಿ ಇರಬೇಕೆಂದು ಸ್ನೇಹಾ ಕರವಸ್ತ್ರ ತೆಗೆದಳು. ಲೋಹಿತ ಮೆಲ್ಲಗೆ ಕೇಳಿದ: “ಯಾವ ಯುದ್ಧದಲ್ಲಿ ಸತ್ತಿದ್ದು?”

“ಯುದ್ಧ ಎಲ್ಲೀದ್ರಿ? ಅವಲಕ್ಕಿ ತಿನ್ನಾಕತ್ತಿದ್ದಾ. ಎದಿ ಹಿಡಕೊಂಡಾ, ಆತು.”

“ಕಲ್ಲು ಎಲ್ಲಿದೆ?”

“ಮಣ್ಣು ಆರಬೇಕಲ್ರೀ. ಆಮ್ಯಾಲೆ ಇಡಸ್ತಾರ.”

ಕಾವೇರಿ ಮೂಲೆಯಲ್ಲಿ ಕೂತಿದ್ದಳು. ಬಂದವರ ಮಾತು ಅವಳಿಗೆ ಪಕ್ಕದ ಮನೆಯ ರೇಡಿಯೋದಂತೆ ಆಗಿ ಬಹಳ ದಿನವಾಗಿತ್ತು.

ಏಳುವಾಗ ಸ್ನೇಹಾ, “ಹೋಗಿ ಬರ್ತೀವಿ. ಮುಂದಿನ ಸಲ ಅಮ್ಮನ್ನೂ ಕರ್ಕೊಂಡು ಬರ್ತೀವಿ,” ಎಂದಳು.

ಸಿದ್ದಲಿಂಗವ್ವನ ಮುಖ ಕಪ್ಪಿಟ್ಟಿತು. ಸಾವಿನ ಮನೆಯಿಂದ ಏಳುವವರು ಮಾತಿಲ್ಲದೆ ಎದ್ದು ಹೋಗಬೇಕು. ಮತ್ತೆ ಬರುತ್ತೇವೆ ಅಂದರೆ ಇನ್ನೊಂದು ಸಾವನ್ನು ಕರೆದಂತೆ. ಕಾರು ಹೋದದ್ದೇ ಅವಳು ಹೊಸ್ತಿಲಿಗೆ ಕೊಡ ನೀರು ಸುರಿದಳು. “ಬರ್ತಾರಂತ! ಯಾರ ಪಾಳಿ ಅಂತ ತಿಳದಾರ? ಈ ಓಣ್ಯಾಗ ಹಿರ್ಯಾಕಿ ನಾನ!”

ನೀರು ಆರುವ ಮೊದಲೇ ಹುಲಕೋಟಿಯಿಂದ ಟೆಂಪೋ ಬಂತು. ಅದರಿಂದ ಹದಿನೆಂಟು ಹೆಂಗಸರು ಇಳಿದರು.

“ಹೊನ್ನೇಶಗ ಇಷ್ಟು ಮಂದಿ ಹೆಂಗಸರ ಗುರ್ತು ಇತ್ತೇನ?” ಸಿದ್ದಲಿಂಗವ್ವ ಕಾವೇರಿಯ ಕಿವಿಯಲ್ಲಿ ಕೇಳಿದಳು.

ಅವರ ಮುಂದಾಳು ತಿಪ್ಪವ್ವ ಎಲ್ಲರ ಪರವಾಗಿ ಹೇಳಿದಳು: “ನಮ್ದು ಮಹಿಳಾ ಸಂಘ ರೀ. ವೀರಗಲ್ಲು ನೋಡಾಕ ಬಂದೀವಿ. ಹೊರಗ ಬೋರ್ಡ್ ಐತಲ್ಲ?”

ಕಾವೇರಿ ಹೊರಗೆ ಬಂದು ನೋಡಿದಳು. ಬೋರ್ಡು ಹೊಳೆದಂಡೆಯ ಅಂಬಿಗರ ಊರಿನದು. ಬಣ್ಣ ಹಚ್ಚಿಕೊಡುತ್ತೇನೆಂದು ಹೊನ್ನೇಶ ಕೇಳಿ ತಂದದ್ದು. ಒಬ್ಬಳಿಂದ ಎತ್ತಲಾಗಲಿಲ್ಲ. ನಾಲ್ವರು ಹೆಂಗಸರ ಕೈ ಸೇರಿಸಿ ಅದನ್ನು ತಲೆಕೆಳಗು ಮಾಡಿದಳು. ಅಕ್ಷರ ತಿಳಿಯದಿದ್ದರೆ ಯಾರೂ ಬರಲಾರರು.

ಅಕ್ಷರವನ್ನು ಯಾರೂ ಓದುತ್ತಲೇ ಇರಲಿಲ್ಲ, ಬಾಣವನ್ನು ನೋಡುತ್ತಿದ್ದರು. ಅದೀಗ ಪಕ್ಕದ ಮನೆಯನ್ನು ತೋರಿಸುತ್ತಿತ್ತು. ಹೆಂಗಸರು ನೀರು ಕುಡಿದು ಮುಗಿಸುವಷ್ಟರಲ್ಲಿ ಬೈಕಿನಲ್ಲಿ ಬಂದ ಇಬ್ಬರು ನೇರ ಸಿದ್ದಲಿಂಗವ್ವನ ಅಡುಗೆಮನೆಗೆ ನುಗ್ಗಿದರು.

“ನನ್ನ ಒರಳಿಗೆ ಕೈ ಮುಗದು ಫೋಟೋ ಹೊಡಕೊಂಡ್ರು!” ಸಿದ್ದಲಿಂಗವ್ವ ಕೂಗಿದಳು. “ಜಲ್ದಿ ಇದನ್ನ ಎಲ್ಲೀದು ಅಲ್ಲಿಗೆ ಮುಟ್ಟಿಸು ಕಾವೇರಿ, ಇಲ್ಲಾಂದ್ರ ಗುಜರಿಗೆ ಹಾಕ್ತೀನಿ!”

“ಆತು ದೊಡ್ಡವ್ವ.”

ಓಣಿಯ ಅಪ್ಪುವಿನ ಟಂಟಂ ಆಟೋ ಬಂತು. ಹೆಂಗಸರೇ ಬೋರ್ಡು ಏರಿಸಿದರು, ತಾವೂ ಟೆಂಪೋ ಹತ್ತಿ ಹಿಂದೆ ಹೊರಟರು. ಒಂದು ತಾಸಿಗೆ ತುಂಗಭದ್ರೆ ಕಂಡಿತು. ದಂಡೆಯ ಮೇಲೆ ಸಾಲು ಕಲ್ಲುಗಳು, ಹರಗೋಲಿನಲ್ಲಿ ನಿಂತು ಹೋರಾಡಿ ಸತ್ತವರ ಚಿತ್ರಗಳು. ಅವುಗಳ ನೆರಳಿನಲ್ಲಿ ಮುದುಕ ಅಂಬಿಗ ಸಕ್ರಪ್ಪ ಬಲೆ ಹೆಣೆಯುತ್ತಿದ್ದ.

“ಎಂಟು ದಿನಕ್ಕ ಕೊಡ್ತೀನಿ ಅಂತ ಒಯ್ದಿದ್ದಾ ನಿನ್ನ ಗಂಡ,” ಎಂದ. “ಖಬರ ಬಂತವ್ವಾ. ಬೋರ್ಡ್ ಹೋದ್ರ ಹೋಗ್ಲಿ ಅಂದ್ವಿ.”

“ತಂದೀನಿ ಯಜ್ಜಾ. ಇನ್ನ ನಮ್ಮನಿಗೆ ಯಾರೂ ಬರೂದಿಲ್ಲ.”

ಹಳೆಯ ಕಂಬಗಳು ನಿಂತೇ ಇದ್ದವು. ಬೋರ್ಡಿನ ಹಿಂಬದಿಗೆ ಅಂಟಿಸಿದ್ದ ಪೇಪರನ್ನು ಸಕ್ರಪ್ಪ ಹರಿದು ತೆಗೆದ. ಹೊನ್ನೇಶ ಬಣ್ಣ ಹಚ್ಚಿದ್ದು ಆ ಕಡೆಗೆ. ಹಳದಿಯ ಮೇಲೆ ಕಪ್ಪು ಅಕ್ಷರ: ‘ಅಂಬಿಗರ ವೀರಗಲ್ಲುಗಳು. ವಿವರ ಹೇಳುವವರು: ಕಾವೇರಿ, ಎಂ.ಎ. ವಾರದ ಏಳೂ ದಿನ.’ ಕೆಳಗೆ ಅವಳ ಮೊಬೈಲ್ ನಂಬರು.

ಕಾವೇರಿ ಉಗುರಿನಿಂದ ಕೆರೆದು ನೋಡಿದಳು. ಎಣ್ಣೆಬಣ್ಣ ಗಟ್ಟಿಯಾಗಿ ಕೂತಿತ್ತು.

“ಮನ್ಯಾಕಿ ಇದ್ನೇ ಕಲತು ಸುಮ್ಮನ ಕುಂತಾಳ ಅಂತಿದ್ದಾ,” ಸಕ್ರಪ್ಪ ಬೋಲ್ಟು ತಿರುವುತ್ತ ಹೇಳಿದ. “ಮೊದಲ ಕೇಳಿದ್ರ ಒಲ್ಲೆ ಅಂತಾಳ, ಬೋರ್ಡ್ ನಿಲ್ಲಿಸಿ ಹೇಳ್ತೀನಿ ಅಂದಾ.”

ಕೊನೆಯ ಬೋಲ್ಟು ಬಿಗಿಯಾಗುವಷ್ಟರಲ್ಲಿ ಕಾವೇರಿ ಹಿಂದೆ ಸರಿದು ಕಲ್ಲುಗಳ ಬಳಿ ನಿಂತಿದ್ದಳು. ಅವಳ ಫೋನು ರಿಂಗಾಯಿತು.

“ಹಲೋ, ಕಾವೇರಿ ಮೇಡಮ್ ಏನ್ರಿ? ನಾವು ಹದಿನೆಂಟು ಮಂದಿ ಕಲ್ಲಿನ ಹತ್ರ ಬಂದೀವಿ. ನೀವು ಎಲ್ಲಿದ್ದೀರಿ?”

ಹತ್ತು ಹೆಜ್ಜೆ ಮುಂದೆ ತಿಪ್ಪವ್ವ, ಅವಳಿಗೆ ಬೆನ್ನು ಮಾಡಿ, ಫೋನು ಕಿವಿಗಿಟ್ಟುಕೊಂಡು, ಬೋರ್ಡನ್ನೇ ನೋಡುತ್ತ ನಿಂತಿದ್ದಳು.

“ನಿಮ್ಮ ಹಿಂದನ ಅದೀನಿ,” ಎಂದಳು ಕಾವೇರಿ.